ಕಿನಿಸಿಯಾಲಜಿ, ಪುನಶ್ಚೇತನ ವಿಜ್ಞಾನ, ಕೌನ್ಸೆಲಿಂಗ್: ಅಮೆರಿಕದಲ್ಲಿ ಕೋರ್ಸ್ ಆರಿಸುವುದರಿಂದ ಲೈಸೆನ್ಸ್ ಪಡೆಯುವವರೆಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಕಿನಿಸಿಯಾಲಜಿ (ದೇಹದ ಚಲನೆ ಮತ್ತು ವ್ಯಾಯಾಮದ ವಿಜ್ಞಾನ), ಪುನಶ್ಚೇತನ ವಿಜ್ಞಾನ (ಗಾಯ, ಕಾಯಿಲೆ ಅಥವಾ ಅಂಗವೈಕಲ್ಯದ ನಂತರದ ಚೇತರಿಕೆಯ ಓದು) ಮತ್ತು ಕೌನ್ಸೆಲಿಂಗ್ (ಆಪ್ತಸಮಾಲೋಚನೆ) ಒಂದೇ ಕಾಲೇಜಿನಲ್ಲಿ, ಕೆಲವು ಕಡೆ ಒಂದೇ ವಿಭಾಗದಲ್ಲಿ ಇರುತ್ತವೆ. ಒಟ್ಟಿಗೆ ಇವೆ ಎಂದಮಾತ್ರಕ್ಕೆ ಮೂರೂ ಒಂದೇ ಕಡೆಗೆ ಕರೆದೊಯ್ಯುವುದಿಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ. ರೋಗಿಗೆ ಚಿಕಿತ್ಸೆ ಕೊಡಲು ಅಥವಾ ಕೌನ್ಸೆಲರ್ ಎಂದು ಕರೆದುಕೊಳ್ಳಲು ಅನುಮತಿ ಕೊಡುವುದು ಆಯಾ ರಾಜ್ಯದ ಲೈಸೆನ್ಸ್ ಮಂಡಳಿ. ಮಂಡಳಿ ಕೇಳುವುದು ನಿಮ್ಮ ಪದವಿಯ ಹೆಸರನ್ನಲ್ಲ. ಆ ಕೋರ್ಸಿಗೆ ಯಾವ ಸಂಸ್ಥೆಯ ಮಾನ್ಯತೆ ಇತ್ತು, ಎಷ್ಟು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಿ, ಯಾವ ಪರೀಕ್ಷೆ ಪಾಸಾಗಿದ್ದೀರಿ ಎಂಬುದನ್ನು. ಆದ್ದರಿಂದ ಯೋಜನೆಯನ್ನು ಕೊನೆಯಿಂದ ಶುರು ಮಾಡಬೇಕು: ಮೊದಲು ಕೆಲಸ, ಆಮೇಲೆ ಅದಕ್ಕೆ ಬೇಕಾದ ಲೈಸೆನ್ಸ್, ಆಮೇಲೆ ಅದಕ್ಕೆ ಒಪ್ಪುವ ಕೋರ್ಸ್, ಎಲ್ಲಕ್ಕಿಂತ ಕೊನೆಗೆ ವಿಶ್ವವಿದ್ಯಾಲಯ. ಬಹಳಷ್ಟು ವಿದ್ಯಾರ್ಥಿಗಳು ಇದನ್ನು ತಿರುವುಮುರುವಾಗಿ ಮಾಡಿ ಎರಡು ಮೂರು ವರ್ಷ ಕಳೆದುಕೊಳ್ಳುತ್ತಾರೆ.

ಹಂತ 1: ಯಾವ ಕೆಲಸ ಎಂದು ತೀರ್ಮಾನಿಸಿ

ಫಿಸಿಯೋಥೆರಪಿಸ್ಟ್ ಆಗಬೇಕೆಂದರೆ, ಅಲ್ಲಿನ ಮಾತಿನಲ್ಲಿ ಪಿಟಿ, ಡಾಕ್ಟರ್ ಆಫ್ ಫಿಸಿಕಲ್ ಥೆರಪಿ, ಅಂದರೆ ಡಿಪಿಟಿ ಬೇಕು. ಅದು ಪದವಿಯ ನಂತರ ಸುಮಾರು ಮೂರು ವರ್ಷದ ಓದು. ಅದರಲ್ಲಿ ಕನಿಷ್ಠ 30 ವಾರ ಪೂರ್ಣಾವಧಿ ಕ್ಲಿನಿಕಲ್ ತರಬೇತಿ ಇರಬೇಕು. ಕಿನಿಸಿಯಾಲಜಿಯ ಬಿಎಸ್ (ವಿಜ್ಞಾನ ಪದವಿ) ಅಥವಾ ಎಂಎಸ್ (ಸ್ನಾತಕೋತ್ತರ ಪದವಿ) ಇದಕ್ಕೆ ಪೂರ್ವತಯಾರಿ ಮಾತ್ರ.

ಆಕ್ಯುಪೇಷನಲ್ ಥೆರಪಿಗೆ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಗೆ, ಮಾಸ್ಟರ್ಸ್ ಸಾಕು, ಡಾಕ್ಟರೇಟೂ ಇದೆ. ಎರಡರಿಂದಲೂ ಅದೇ ಪರೀಕ್ಷೆ, ಅದೇ ಲೈಸೆನ್ಸ್. ಎರಡರಲ್ಲೂ ಕೊನೆಯ ಘಟ್ಟದ ಕ್ಷೇತ್ರಕಾರ್ಯ ಕನಿಷ್ಠ 24 ವಾರ. ಡಾಕ್ಟರೇಟ್‌ನಲ್ಲಿ ಇನ್ನೂ 14 ವಾರದ ಕ್ಯಾಪ್‌ಸ್ಟೋನ್ (ಓದಿನ ಕೊನೆಯ ವಿಶೇಷ ಯೋಜನೆ) ಸೇರುತ್ತದೆ. ಬೋಧನೆ ಅಥವಾ ಆಡಳಿತದ ಗುರಿ ಇಲ್ಲದವರು ಹೆಚ್ಚುವರಿ ಅವಧಿಗೆ ಶುಲ್ಕ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಕ್ರೀಡಾಪಟುಗಳ ಗಾಯ ತಡೆಯುವ, ಆರೈಕೆ ಮಾಡುವ ಅಥ್ಲೆಟಿಕ್ ಟ್ರೇನರ್ ಹುದ್ದೆಗೆ ಈಗ ಮಾಸ್ಟರ್ಸ್ ಕಡ್ಡಾಯ. ಬಿಎಸ್ ಮಟ್ಟದ ಕೋರ್ಸುಗಳು 2022ರ ಫಾಲ್ (ಶರತ್ಕಾಲದ) ಅವಧಿಯ ನಂತರ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಂತಿಲ್ಲ. ಹಳೆಯ ಕೈಪಿಡಿಗಳಲ್ಲಿ ಬಿಎಸ್ ಎಂದೇ ಇರುತ್ತದೆ. ಅದನ್ನು ನಂಬಿ ಕೂರಬೇಡಿ.

ಹೃದ್ರೋಗಿಗಳಿಗೂ ಶ್ವಾಸಕೋಶದ ರೋಗಿಗಳಿಗೂ ವ್ಯಾಯಾಮ ಮಾಡಿಸುವ ಕ್ಲಿನಿಕಲ್ ಎಕ್ಸರ್ಸೈಜ್ ಫಿಸಿಯಾಲಜಿಸ್ಟ್ ಆಗಲು ಕಿನಿಸಿಯಾಲಜಿ ನೇರ ದಾರಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಡುವ ಪ್ರಮಾಣಪತ್ರಕ್ಕೆ ಸಂಬಂಧಪಟ್ಟ ಬಿಎಸ್ ಜೊತೆ 1,200 ಗಂಟೆಯ ಕ್ಲಿನಿಕಲ್ ಅನುಭವ ಬೇಕು. ಕ್ಲಿನಿಕಲ್ ಎಕ್ಸರ್ಸೈಜ್ ಫಿಸಿಯಾಲಜಿಯ ಮಾಸ್ಟರ್ಸ್ ಇದ್ದರೆ 600 ಗಂಟೆ. ಕ್ರೀಡಾಪಟುಗಳ ಶಕ್ತಿ ತರಬೇತಿಗೆ ಸಿಎಸ್‌ಸಿಎಸ್ ಎಂಬ ಪ್ರಮಾಣಪತ್ರವನ್ನು ಎನ್‌ಎಸ್‌ಸಿಎ ಎಂಬ ವೃತ್ತಿ ಸಂಸ್ಥೆ ಕೊಡುತ್ತದೆ. 2030ರಿಂದ ಅದಕ್ಕೆ ಮಾನ್ಯತೆ ಪಡೆದ ಕೋರ್ಸಿನ ಪದವಿಯೇ ಬೇಕು ಎಂದು ಅದು ಘೋಷಿಸಿದೆ. ಈಗ ಬಿಎಸ್ ಸೇರುತ್ತಿರುವವರಿಗೆ ಇದು ನೇರವಾಗಿ ತಾಗುವ ವಿಷಯ.

ಕೌನ್ಸೆಲರ್ ಆಗಲು ಕೌನ್ಸೆಲಿಂಗ್‌ನಲ್ಲೇ ಮಾಸ್ಟರ್ಸ್ ಬೇಕು. ಸೈಕಾಲಜಿಸ್ಟ್ ಎಂಬ ಲೈಸೆನ್ಸ್ ಬೇರೆ. ಸಾಮಾನ್ಯವಾಗಿ ಅದಕ್ಕೆ ಡಾಕ್ಟರೇಟ್ ಆಗಬೇಕು. ಸೈಕಾಲಜಿಯಲ್ಲಿ ಸಂಶೋಧನಾ ಎಂಎ ಮಾಡಿದವರು ಹಲವು ರಾಜ್ಯಗಳಲ್ಲಿ ಎರಡೂ ಲೈಸೆನ್ಸಿಗೆ ಅರ್ಹರಾಗದೆ ನಡುವೆ ಸಿಕ್ಕಿಬೀಳುತ್ತಾರೆ.

ಇನ್ನೊಂದು ಎಚ್ಚರಿಕೆ. "ಅಪ್ಲೈಡ್ ಕಿನಿಸಿಯಾಲಜಿ" ಎಂಬ ಹೆಸರಿನ ಪದ್ಧತಿಯೊಂದಿದೆ. 1964ರಲ್ಲಿ ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೋಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಶುರು ಮಾಡಿದ್ದು. ಸ್ನಾಯುವನ್ನು ಒತ್ತಿ ನೋಡಿ ರೋಗ ಗುರುತಿಸುತ್ತೇವೆ ಎನ್ನುತ್ತದೆ. ಅದಕ್ಕೂ ವಿಶ್ವವಿದ್ಯಾಲಯದ ಕಿನಿಸಿಯಾಲಜಿಗೂ ಸಂಬಂಧವಿಲ್ಲ. ಆ ಹೆಸರಿನ ವಾರಾಂತ್ಯದ ಕೋರ್ಸುಗಳಿಂದ ಯಾವ ಪದವಿ ಪ್ರವೇಶಕ್ಕೂ ಕ್ರೆಡಿಟ್ ಸಿಗುವುದಿಲ್ಲ.

ಹಂತ 2: ಮಾನ್ಯತೆಯನ್ನು ನೀವೇ ಪರಿಶೀಲಿಸಿ

"ನಮ್ಮ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ" ಎಂಬ ಮಾತು ಸತ್ಯವಿದ್ದರೂ ಸಾಲದು. ಅದು ಇಡೀ ಸಂಸ್ಥೆಯ ಮಾನ್ಯತೆ. ಲೈಸೆನ್ಸಿಗೆ ಲೆಕ್ಕಕ್ಕೆ ಬರುವುದು ಕೋರ್ಸಿನ ಮಾನ್ಯತೆ. ಪಿಟಿಗೆ ಸಿಎಪಿಟಿಇ, ಆಕ್ಯುಪೇಷನಲ್ ಥೆರಪಿಗೆ ಎಸಿಒಟಿಇ, ಅಥ್ಲೆಟಿಕ್ ಟ್ರೇನಿಂಗ್‌ಗೆ ಸಿಎಎಟಿಇ, ಕೌನ್ಸೆಲಿಂಗ್‌ಗೆ ಸಿಎಸಿಆರ್‌ಇಪಿ. ಕೊನೆಯದನ್ನು ಎಲ್ಲರೂ ಕೇಕ್ರೆಪ್ ಎಂದೇ ಕರೆಯುತ್ತಾರೆ. ವಿಶ್ವವಿದ್ಯಾಲಯದ ಜಾಹೀರಾತು ಪುಟ ಬಿಟ್ಟು ಈ ಸಂಸ್ಥೆಗಳ ಸ್ವಂತ ಪಟ್ಟಿಯಲ್ಲಿ ಕೋರ್ಸಿನ ಹೆಸರು ಹುಡುಕಿ.

ಹುಡುಕುವಾಗ ಮೂರು ಸಂಗತಿ ಬರೆದುಕೊಳ್ಳಿ: ಕೋರ್ಸಿನ ಪೂರ್ಣ ಹೆಸರು, ಕ್ಯಾಂಪಸ್, ಈಗಿನ ಸ್ಥಿತಿ. ಒಂದೇ ವಿಶ್ವವಿದ್ಯಾಲಯದಲ್ಲಿ ಶಾಲಾ ಕೌನ್ಸೆಲಿಂಗ್‌ಗೆ ಮಾನ್ಯತೆ ಇದ್ದು ಕ್ಲಿನಿಕಲ್ ಮೆಂಟಲ್ ಹೆಲ್ತ್ ಶಾಖೆಗೆ ಇಲ್ಲದಿರಬಹುದು. ಸ್ಥಿತಿಯ ಕಾಲಂನಲ್ಲಿ "ಅಕ್ರೆಡಿಟೆಡ್" ಎಂದಿದ್ದರೆ ಸರಿ. "ಕ್ಯಾಂಡಿಡೇಟ್" ಎಂದಿದ್ದರೆ ಕೋರ್ಸ್ ಹೊಸದು, ಪೂರ್ಣ ಮಾನ್ಯತೆ ಇನ್ನೂ ಸಿಕ್ಕಿಲ್ಲ ಎಂದರ್ಥ. ಮೊದಲ ತಂಡ ಓದು ಮುಗಿಸುವಾಗ ಅದು ಸಿಗದೇ ಹೋದರೆ ಆ ತಂಡ ಪರೀಕ್ಷೆಗೆ ಕೂರಲಾಗದು. "ಪ್ರೊಬೇಷನ್" ಎಂದಿದ್ದರೆ ಕೋರ್ಸ್ ನಿಯಮಗಳನ್ನು ಪೂರೈಸದೆ ಎಚ್ಚರಿಕೆಯಲ್ಲಿದೆ ಎಂದರ್ಥ, ಕಾರಣವೇನು ಎಂದು ವಿಭಾಗಕ್ಕೆ ನೇರವಾಗಿ ಬರೆದು ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಮುಂದಿನ ಕೋರ್ಸ್ ನೋಡಿ.

ಆನ್‌ಲೈನ್ ಕೌನ್ಸೆಲಿಂಗ್ ಕೋರ್ಸುಗಳಲ್ಲಿ ಇನ್ನೊಂದು ಪರಿಶೀಲನೆ ಉಂಟು. ಲೈಸೆನ್ಸಿಗೆ ದಾರಿಯಾಗುವ ಕೋರ್ಸುಗಳು ಯಾವ ರಾಜ್ಯದ ನಿಯಮಕ್ಕೆ ಹೊಂದುತ್ತವೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ವಿಶ್ವವಿದ್ಯಾಲಯಗಳು ಬಹಿರಂಗಪಡಿಸಬೇಕು. ಆ ಪುಟ ಹುಡುಕಿ, ನೀವು ಕೆಲಸ ಮಾಡಬೇಕೆಂದಿರುವ ರಾಜ್ಯದ ಹೆಸರಿನ ಮುಂದೆ ಏನಿದೆ ನೋಡಿ, ದಿನಾಂಕ ಕಾಣುವಂತೆ ಪ್ರತಿ ಉಳಿಸಿಕೊಳ್ಳಿ.

ಹಂತ 3: ಕಿನಿಸಿಯಾಲಜಿ ಬಿಎಸ್ ಯೋಜಿಸುವುದು

ಒಟ್ಟು 120 ಕ್ರೆಡಿಟ್, ಎಂಟು ಸೆಮಿಸ್ಟರ್, ಅಂದರೆ ಸೆಮಿಸ್ಟರಿಗೆ ಸರಾಸರಿ 15. ಇದೇ ಓದನ್ನು ಎಕ್ಸರ್ಸೈಜ್ ಸೈನ್ಸ್, ಹ್ಯೂಮನ್ ಕೈನೆಟಿಕ್ಸ್, ಮೂವ್‌ಮೆಂಟ್ ಸೈನ್ಸ್ ಎಂಬ ಹೆಸರುಗಳಲ್ಲೂ ಕೊಡುತ್ತಾರೆ. ಹೆಸರಿಗಿಂತ ಒಳಗಿನ ವಿಷಯ ನೋಡಿ: ಅಂಗರಚನೆ, ಶರೀರಕ್ರಿಯೆ, ವ್ಯಾಯಾಮ ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಬಲವಿಜ್ಞಾನ), ಚಲನೆಯ ನಿಯಂತ್ರಣ ಮತ್ತು ಕಲಿಕೆ, ಅಳತೆ ಮತ್ತು ಮೌಲ್ಯಮಾಪನ, ಅಂಗವೈಕಲ್ಯ ಇರುವವರಿಗೆ ಹೊಂದಿಸಿದ ದೈಹಿಕ ಚಟುವಟಿಕೆ. ಇವುಗಳಲ್ಲಿ ಪ್ರಯೋಗಾಲಯದ ಪಾಠ ಎಷ್ಟಿದೆ ಎಂಬುದರಲ್ಲೇ ಕೋರ್ಸಿನ ತೂಕ ಗೊತ್ತಾಗುತ್ತದೆ. ಗೋನಿಯೋಮೀಟರ್ ಹಿಡಿದು ಕೀಲಿನ ಕೋನ ಅಳೆಯುವುದು, ಫೋರ್ಸ್ ಪ್ಲೇಟ್ ಮೇಲೆ ಜಿಗಿತದ ಬಲ ದಾಖಲಿಸುವುದು, ಟ್ರೆಡ್‌ಮಿಲ್ ಮೇಲೆ ಗರಿಷ್ಠ ಆಮ್ಲಜನಕ ಬಳಕೆ ಅಳೆಯುವುದು, ಸ್ನಾಯುವಿನ ವಿದ್ಯುತ್ ಸಂಕೇತ ಓದುವುದು: ಇವನ್ನು ವಿದ್ಯಾರ್ಥಿ ತನ್ನ ಕೈಯಾರೆ ಮಾಡುತ್ತಾನೋ ಅಥವಾ ನಿಂತು ನೋಡುತ್ತಾನೋ ಎಂದು ಕೇಳಿ.

ಡಿಪಿಟಿಗೆ ಹೋಗುವವರಿಗೆ ನಿಜವಾದ ಕೆಲಸ ಪೂರ್ವಾಪೇಕ್ಷಿತ ವಿಷಯಗಳದು. ಬಹುತೇಕ ಕೋರ್ಸುಗಳು ಕೇಳುವ ಪಟ್ಟಿ ಹೀಗಿರುತ್ತದೆ: ಅಂಗರಚನೆ ಮತ್ತು ಶರೀರಕ್ರಿಯೆ ಎರಡು ಸೆಮಿಸ್ಟರ್, ರಸಾಯನಶಾಸ್ತ್ರ ಎರಡು, ಭೌತಶಾಸ್ತ್ರ ಎರಡು, ಇವೆಲ್ಲ ಪ್ರಯೋಗಾಲಯದ ಸಹಿತ, ಜೊತೆಗೆ ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ. ಕಿನಿಸಿಯಾಲಜಿಯ ಬಿಎಸ್ ಮುಗಿದರೆ ಇವೆಲ್ಲ ತಾನಾಗಿ ಮುಗಿದವು ಎಂದುಕೊಳ್ಳಬೇಡಿ. ಎರಡನೇ ಭೌತಶಾಸ್ತ್ರ ಮತ್ತು ಎರಡನೇ ರಸಾಯನಶಾಸ್ತ್ರ ಹಲವು ಕಡೆ ಪದವಿಗೆ ಕಡ್ಡಾಯವಿಲ್ಲ, ನೀವಾಗಿಯೇ ಆರಿಸಿಕೊಳ್ಳಬೇಕು. ಬಯೋಮೆಕ್ಯಾನಿಕ್ಸ್ ಪಾಸಾದರೆ ಭೌತಶಾಸ್ತ್ರ ಬೇಡ ಎಂದು ಭಾವಿಸುವುದೂ ತಪ್ಪು, ಅದನ್ನು ಬದಲಿಯಾಗಿ ಒಪ್ಪುವುದು ಅಪರೂಪ. ಪ್ರಯೋಗಾಲಯವಿಲ್ಲದ ಆನ್‌ಲೈನ್ ಪಾಠವನ್ನು ಕೆಲವು ಡಿಪಿಟಿ ಕೋರ್ಸುಗಳು ತಿರಸ್ಕರಿಸುತ್ತವೆ. ಹಲವು ವರ್ಷ ಹಿಂದೆ ಓದಿದ ವಿಜ್ಞಾನ ವಿಷಯಗಳನ್ನು ಒಪ್ಪದ ಕೋರ್ಸುಗಳೂ ಇವೆ. ಕೆಲಸ ಮಾಡಿ ಮತ್ತೆ ಓದಲು ಬರುವವರು ಈ ಕಾಲಮಿತಿಯನ್ನು ಮೊದಲೇ ಕೇಳಿಕೊಳ್ಳಬೇಕು.

ಮೊದಲ ವರ್ಷ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರ, ಎರಡನೇ ವರ್ಷ ಅಂಗರಚನೆ ಮತ್ತು ಶರೀರಕ್ರಿಯೆಯ ಎರಡೂ ಭಾಗ, ಮೂರನೇ ವರ್ಷ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ವ್ಯಾಯಾಮ ಶರೀರಕ್ರಿಯೆ. ಈ ಕ್ರಮ ಹಿಡಿದರೆ ಮೂರನೇ ವರ್ಷದ ಬೇಸಿಗೆಯಲ್ಲಿ ಅರ್ಜಿ ಹಾಕಲು ಸಿದ್ಧರಾಗಿರುತ್ತೀರಿ. ಡಿಪಿಟಿಯ ಕೇಂದ್ರೀಯ ಅರ್ಜಿ ವ್ಯವಸ್ಥೆಯಾದ ಪಿಟಿಸಿಎಎಸ್ ಜೂನ್ ಮಧ್ಯದಲ್ಲಿ ತೆರೆಯುತ್ತದೆ. ಅನೇಕ ಕೋರ್ಸುಗಳು ಅರ್ಜಿ ಬಂದಹಾಗೆಲ್ಲ ಸೀಟು ಕೊಡುತ್ತಾ ಹೋಗುತ್ತವೆ. ಕೊನೆಯ ದಿನಾಂಕದವರೆಗೆ ಕಾದವರಿಗೆ ಅಂಕ ಚೆನ್ನಾಗಿದ್ದರೂ ಸೀಟು ಉಳಿದಿರುವುದಿಲ್ಲ.

ಗ್ರೇಡಿನ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಒಂದು ವಿಷಯದಲ್ಲಿ ಸಿ ಬಂದು, ಮತ್ತೆ ಓದಿ ಎ ಪಡೆದರೆ ನಿಮ್ಮ ವಿಶ್ವವಿದ್ಯಾಲಯ ಹಳೆಯ ಸಿ ಅಳಿಸಬಹುದು. ಪಿಟಿಸಿಎಎಸ್ ಅಳಿಸುವುದಿಲ್ಲ, ಎರಡನ್ನೂ ಸೇರಿಸುತ್ತದೆ. ಅಂದರೆ 2.0 ಮತ್ತು 4.0 ಸೇರಿ ಆ ವಿಷಯ 3.0 ಆಗಿ ಕೂರುತ್ತದೆ. ಆದ್ದರಿಂದ ಸಿ ಬರುವ ಸೂಚನೆ ಕಂಡಾಗ, ವಿಷಯ ಕೈಬಿಡಲು ಅವಕಾಶವಿರುವ ದಿನಾಂಕದೊಳಗೆ ಸಲಹೆಗಾರರ ಜೊತೆ ಕೂತು ಮಾತಾಡಿ.

ಅರ್ಜಿಗೆ ಮುಂಚೆ ಪಿಟಿಯೊಬ್ಬರ ಕೆಲಸವನ್ನು ಜೊತೆಗಿದ್ದು ನೋಡಬೇಕಾದ ವೀಕ್ಷಣೆಯ ಗಂಟೆಗಳು ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತವೆ. ಕೆಲವು ಕೇಳುವುದೇ ಇಲ್ಲ, ಕೆಲವು ನೂರರ ಆಸುಪಾಸು ಕೇಳುತ್ತವೆ. ಕ್ರೀಡಾ ಗಾಯಗಳ ಕ್ಲಿನಿಕ್ಕಿನಲ್ಲೇ ಎಲ್ಲ ಗಂಟೆ ಮುಗಿಸಬೇಡಿ. ಆಸ್ಪತ್ರೆಯ ಒಳರೋಗಿ ವಿಭಾಗ, ಮಕ್ಕಳ ವಿಭಾಗ, ಪಾರ್ಶ್ವವಾಯು ಪುನಶ್ಚೇತನ, ಇವುಗಳಲ್ಲಿ ಎರಡನ್ನಾದರೂ ನೋಡಿ. ಅರ್ಜಿಗಿಂತ ಹೆಚ್ಚಾಗಿ ಇದು ನಿಮ್ಮ ಒಳಿತಿಗೇ, ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯುವುದು ಅಲ್ಲೇ. ಲೈಸೆನ್ಸ್ ಇರುವ ಪಿಟಿಯ ಸಹಿಯನ್ನು ಅದೇ ವಾರ ಹಾಕಿಸಿಕೊಳ್ಳಿ. ಎರಡು ವರ್ಷದ ನಂತರ ಹೋದರೆ ಅವರು ಊರು ಬಿಟ್ಟಿರುತ್ತಾರೆ.

ಹಂತ 4: ಪುನಶ್ಚೇತನ ವಿಜ್ಞಾನದಲ್ಲಿ ಏನಿದೆ, ಏನಿಲ್ಲ

ಈ ಹೆಸರಿನ ಬಿಎಸ್ ಸಾಮಾನ್ಯವಾಗಿ ಪಿಟಿ, ಆಕ್ಯುಪೇಷನಲ್ ಥೆರಪಿಗಳಿಗೆ ಪೂರ್ವತಯಾರಿ. ಎಂಎಸ್ ಮತ್ತು ಪಿಎಚ್‌ಡಿ ಸಂಶೋಧನೆಯ ಓದು: ನಡಿಗೆಯ ವಿಶ್ಲೇಷಣೆ, ಮಿದುಳಿನ ಗಾಯದ ನಂತರದ ಚೇತರಿಕೆ, ಸಹಾಯಕ ಸಾಧನಗಳು, ಅಂಗವೈಕಲ್ಯ ಮತ್ತು ಉದ್ಯೋಗ. ಹೆಸರಲ್ಲಿ ಪುನಶ್ಚೇತನ ಇದ್ದರೂ ಎಂಎಸ್ ಒಂದರಿಂದಲೇ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ.

ಬೇರೆ ದೇಶದಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದವರು ಇದನ್ನು ಗಟ್ಟಿಯಾಗಿ ಮನಸ್ಸಲ್ಲಿಟ್ಟುಕೊಳ್ಳಬೇಕು. ಅಮೆರಿಕದಲ್ಲಿ ಕಿನಿಸಿಯಾಲಜಿ ಎಂಎಸ್ ಮಾಡಿದರೆ ಪಿಟಿ ಲೈಸೆನ್ಸ್ ಹತ್ತಿರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೈಸೆನ್ಸಿನ ದಾರಿಯೇ ಬೇರೆ: ವಿದೇಶಿ ಪಿಟಿ ಪದವಿಗಳನ್ನು ಪರಿಶೀಲಿಸುವ ಎಫ್‌ಸಿಸಿಪಿಟಿಯಂಥ ಸಂಸ್ಥೆಯಿಂದ ನಿಮ್ಮ ಬಿಪಿಟಿಯ ವಿಷಯವಾರು ಮೌಲ್ಯಮಾಪನ, ಕೊರತೆ ಕಂಡ ವಿಷಯಗಳನ್ನು ತುಂಬಿಸುವುದು, ರಾಜ್ಯದ ಅನುಮತಿ, ಆಮೇಲೆ ಪಿಟಿಗಳ ರಾಷ್ಟ್ರೀಯ ಲೈಸೆನ್ಸ್ ಪರೀಕ್ಷೆಯಾದ ಎನ್‌ಪಿಟಿಇ. ಎಂಎಸ್ ಸೇರುವ ಮೊದಲೇ ಮೌಲ್ಯಮಾಪನ ಮಾಡಿಸಿದರೆ ಯಾವ ವಿಷಯ ಬಾಕಿ ಎಂದು ಗೊತ್ತಾಗುತ್ತದೆ. ಸೇರಿದ ಮೇಲೆ ಗೊತ್ತಾದರೆ ಸರಿಪಡಿಸುವುದು ದುಬಾರಿ. ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಇದ್ದರೆ ಎಂಎಸ್ ಒಳ್ಳೆಯ ಆಯ್ಕೆಯೇ. ಆಗ ವಿಶ್ವವಿದ್ಯಾಲಯವನ್ನಲ್ಲ, ಮಾರ್ಗದರ್ಶಕರನ್ನು ಆರಿಸಿ. ಅವರ ಇತ್ತೀಚಿನ ಪ್ರಬಂಧಗಳನ್ನು ಓದಿ, ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ವೇತನಸಹಿತ ಸ್ಥಾನ ಇದೆಯೇ ಎಂದು ಅರ್ಜಿಗೆ ಮುಂಚೆ ಬರೆದು ಕೇಳಿ.

ಹಂತ 5: ಕೌನ್ಸೆಲಿಂಗ್ ಮಾಸ್ಟರ್ಸ್, ಗಂಟೆಗಳ ಲೆಕ್ಕ

ಕೇಕ್ರೆಪ್ ಮಾನ್ಯತೆಯ ಕೋರ್ಸುಗಳು ಈಗ ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್‌ನವು. ಪೂರ್ಣಾವಧಿ ಓದಿದರೆ ಎರಡೂವರೆಯಿಂದ ಮೂರು ವರ್ಷ. ಹಿಂದೆ 48 ಕ್ರೆಡಿಟ್‌ನ ಕೋರ್ಸುಗಳಿದ್ದವು. ಅಂಥದ್ದು ಈಗಲೂ ಕಂಡರೆ ಮಾನ್ಯತೆ ಮತ್ತೊಮ್ಮೆ ನೋಡಿ. ಸೈಕಾಲಜಿ ಬಿಎ ಇರಲೇಬೇಕೆಂಬ ನಿಯಮ ಬಹುತೇಕ ಕಡೆ ಇಲ್ಲ.

ಕಷ್ಟವಿರುವುದು ಕ್ಷೇತ್ರಾನುಭವದಲ್ಲಿ. ಮೊದಲು ಪ್ರಾಕ್ಟಿಕಮ್ (ಆರಂಭಿಕ ಪ್ರಾಯೋಗಿಕ ತರಬೇತಿ): ಕನಿಷ್ಠ 100 ಗಂಟೆ, ಅದರಲ್ಲಿ 40 ಗಂಟೆ ಕೌನ್ಸೆಲಿಂಗ್‌ಗೆ ಬಂದವರ ಜೊತೆ ನೇರ ಕೆಲಸ. ಆಮೇಲೆ ಇಂಟರ್ನ್‌ಶಿಪ್: ಕನಿಷ್ಠ 600 ಗಂಟೆ, ನೇರ ಕೆಲಸ 240. ಎರಡು ಸೆಮಿಸ್ಟರಿಗೆ ಹಂಚಿದರೆ 30 ವಾರ. ವಾರಕ್ಕೆ 20 ಗಂಟೆ ಸಂಸ್ಥೆಯಲ್ಲಿ, ಅದರಲ್ಲಿ 8 ಗಂಟೆ ನೇರ ಕೆಲಸ. ಕಾಗದದ ಮೇಲೆ ಸುಲಭ. ಆದರೆ ಸಮಯ ಗೊತ್ತುಮಾಡಿಕೊಂಡವರು ಬರುವುದಿಲ್ಲ, ಹಬ್ಬದ ವಾರ ಕೇಂದ್ರ ಮುಚ್ಚುತ್ತದೆ, ಮೊದಲ ಎರಡು ವಾರ ಬರೀ ಪರಿಚಯದಲ್ಲೇ ಹೋಗುತ್ತದೆ. 600 ಗಂಟೆ ಮುಗಿದು ನೇರ ಗಂಟೆ 190ರಲ್ಲೇ ನಿಂತು, ಮತ್ತೊಂದು ಸೆಮಿಸ್ಟರಿಗೆ ಶುಲ್ಕ ಕಟ್ಟಬೇಕಾಗುವ ಸ್ಥಿತಿ ಬರುವುದು ಹೀಗೇ. 8 ಗಂಟೆ ಬೇಕಿದ್ದರೆ 11 ಅಥವಾ 12 ಜನರಿಗೆ ಸಮಯ ಕೊಡಿ. ವಾರಕ್ಕೊಂದು ಗುಂಪು ಕೌನ್ಸೆಲಿಂಗ್ ನಡೆಸುವ ಅವಕಾಶ ಕೇಳಿ, ಅಲ್ಲಿ ಒಬ್ಬರು ಬರದಿದ್ದರೂ ಗಂಟೆ ನಷ್ಟವಾಗುವುದಿಲ್ಲ. ಟಿಪ್ಪಣಿ ಬರೆಯುವುದು, ಸಿಬ್ಬಂದಿ ಸಭೆ, ಕಾಯುವಿಕೆ, ಬೇರೆಯವರ ಸೆಷನ್ ನೋಡುವುದು ನೇರ ಗಂಟೆಯಲ್ಲ. ದಾಖಲೆಯನ್ನು ಪ್ರತಿ ಶುಕ್ರವಾರ ತುಂಬಿ, ಮೇಲ್ವಿಚಾರಕರ ಸಹಿ ಪಡೆಯಿರಿ.

ಸ್ಥಳ ಹುಡುಕುವುದು ಯಾರ ಹೊಣೆ ಎಂದು ಸೇರುವ ಮುನ್ನವೇ ಕೇಳಿ. ಕೆಲವು ವಿಭಾಗಗಳು ಜಾಗ ಗೊತ್ತುಮಾಡಿ ಕೊಡುತ್ತವೆ. ಅನೇಕ ಆನ್‌ಲೈನ್ ಕೋರ್ಸುಗಳಲ್ಲಿ ವಿದ್ಯಾರ್ಥಿಯೇ ಹುಡುಕಬೇಕು. ವಿಶ್ವವಿದ್ಯಾಲಯ ಮತ್ತು ಆ ಕೇಂದ್ರದ ನಡುವೆ ಲಿಖಿತ ಒಪ್ಪಂದ ಇರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಜೊತೆಗೆ ವೃತ್ತಿ ಹೊಣೆಗಾರಿಕೆ ವಿಮೆ, ಹಿನ್ನೆಲೆ ಪರಿಶೀಲನೆ, ಆರೋಗ್ಯ ಕೇಂದ್ರವಾದರೆ ಲಸಿಕೆ ಮತ್ತು ಕ್ಷಯ ಪರೀಕ್ಷೆಯ ದಾಖಲೆ. ಒಂದು ಸೆಮಿಸ್ಟರ್ ಮುಂಚೆಯೇ ಶುರು ಮಾಡಿದರೆ ಗಾಬರಿ ಇಲ್ಲ.

ಪದವಿ ಮುಗಿದ ದಿನವೇ ಸ್ವತಂತ್ರ ಲೈಸೆನ್ಸ್ ಕೈಗೆ ಬರುವುದಿಲ್ಲ. ಕೌನ್ಸೆಲರ್‌ಗಳ ರಾಷ್ಟ್ರೀಯ ಪರೀಕ್ಷೆಗಳಾದ ಎನ್‌ಸಿಇ ಅಥವಾ ಎನ್‌ಸಿಎಂಎಚ್‌ಸಿಇ ಪಾಸಾಗಬೇಕು, ಜೊತೆಗೆ ಮೇಲ್ವಿಚಾರಣೆಯಲ್ಲಿ ಕೆಲಸ. ಅನೇಕ ರಾಜ್ಯಗಳಲ್ಲಿ ಸುಮಾರು 3,000 ಗಂಟೆ, ಎರಡು ವರ್ಷದ ಮಾತು. ಲೈಸೆನ್ಸಿನ ಹೆಸರೂ ರಾಜ್ಯಕ್ಕೊಂದು: ಎಲ್‌ಪಿಸಿ, ಎಲ್‌ಎಂಎಚ್‌ಸಿ, ಎಲ್‌ಪಿಸಿಸಿ.

ಪುನಶ್ಚೇತನ ಕೌನ್ಸೆಲಿಂಗ್ ಈ ಮೂರು ಕ್ಷೇತ್ರಗಳೂ ಸೇರುವ ಜಾಗ, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಂಗವೈಕಲ್ಯ ಇರುವವರು ಕೆಲಸ ಪಡೆಯಲು, ಉಳಿಸಿಕೊಳ್ಳಲು ನೆರವಾಗುವ ವೃತ್ತಿ ಇದು. ಸೈನಿಕರಲ್ಲದವರಿಗಾಗಿ ಕೇಂದ್ರ (ಫೆಡರಲ್) ಸರ್ಕಾರ ತಂದ ಪುನಶ್ಚೇತನ ಕಾಯ್ದೆ 1920ರದು. 1973ರ ಪುನಶ್ಚೇತನ ಕಾಯ್ದೆ ಇಂದಿನ ರಾಜ್ಯ ಸಂಸ್ಥೆಗಳಿಗೆ ಆಧಾರ. ಈ ಕೋರ್ಸುಗಳಿಗೆ ಪ್ರತ್ಯೇಕವಾಗಿದ್ದ ಮಾನ್ಯತಾ ಸಂಸ್ಥೆ 2017ರಲ್ಲಿ ಕೇಕ್ರೆಪ್ ಜೊತೆ ವಿಲೀನವಾಯಿತು. ಸಿಆರ್‌ಸಿ ಎಂಬುದು ಪುನಶ್ಚೇತನ ಕೌನ್ಸೆಲರ್‌ಗಳ ಪ್ರಮಾಣಪತ್ರ. ಪುನಶ್ಚೇತನ ಸೇವಾ ಆಡಳಿತ ಎಂಬ ಫೆಡರಲ್ ಸಂಸ್ಥೆಯ ಅನುದಾನ ಇರುವ ಕಡೆ ವಿದ್ಯಾರ್ಥಿವೇತನ ಸಿಗುತ್ತದೆ, ಷರತ್ತಿನ ಜೊತೆ: ನೆರವು ಪಡೆದ ಪ್ರತಿ ವರ್ಷಕ್ಕೆ ಎರಡು ವರ್ಷ ರಾಜ್ಯ ಪುನಶ್ಚೇತನ ಸಂಸ್ಥೆಯಲ್ಲೋ ಸಂಬಂಧಪಟ್ಟ ಸಂಸ್ಥೆಯಲ್ಲೋ ಕೆಲಸ, ಇಲ್ಲವೇ ಹಣ ವಾಪಸು. ಇದು ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ. ಅನುದಾನ ಎಲ್ಲ ಕೋರ್ಸುಗಳಲ್ಲೂ ಎಲ್ಲ ವರ್ಷವೂ ಇರುವುದಿಲ್ಲ, ವಿಭಾಗವನ್ನು ಕೇಳಿ.

ಹಂತ 6: ಅರ್ಜಿ ಮತ್ತು ಸಂದರ್ಶನ

ಬೇರೆ ದೇಶದ ಅಂಕಪಟ್ಟಿಗೆ ವಿಷಯವಾರು ಮೌಲ್ಯಮಾಪನ ಬೇಕು. ಒಟ್ಟು ಪದವಿಯ ಸಾಮ್ಯ ಹೇಳುವ ಸಾಧಾರಣ ವರದಿ ಅಗ್ಗ, ಆದರೆ ಪೂರ್ವಾಪೇಕ್ಷಿತ ವಿಷಯ ನೋಡುವ ಕೋರ್ಸುಗಳಿಗೆ ಅದು ಉಪಯೋಗಕ್ಕೆ ಬರದು. ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ಪ್ರವೇಶ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಉದ್ದೇಶ ಪತ್ರದಲ್ಲಿ "ಜನರಿಗೆ ಸಹಾಯ ಮಾಡುವ ಆಸೆ" ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಯಾವ ವಿಭಾಗದಲ್ಲಿ ಏನು ನೋಡಿದಿರಿ, ಯಾವ ನಿರ್ಧಾರ ನಿಮ್ಮನ್ನು ಯೋಚನೆಗೆ ಹಚ್ಚಿತು, ಈ ಕೋರ್ಸಿನ ಯಾವ ಭಾಗ ಅದಕ್ಕೆ ಉತ್ತರ ಕೊಡಬಹುದು ಎಂದು ಬರೆಯಿರಿ. ಕೌನ್ಸೆಲಿಂಗ್‌ನಲ್ಲಿ ಗುಂಪು ಸಂದರ್ಶನ ಸಾಮಾನ್ಯ. ಅಲ್ಲಿ ಹೆಚ್ಚು ಮಾತಾಡಿದವರಿಗಿಂತ, ಪಕ್ಕದವರ ಮಾತನ್ನು ಕೇಳಿ ಅದರಿಂದ ಮುಂದುವರಿಸಿದವರು ಗಮನ ಸೆಳೆಯುತ್ತಾರೆ.

ನೀವೂ ಪ್ರಶ್ನೆ ಕೇಳಿ. ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು? ಲೈಸೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆ ಎಷ್ಟು? ಡಿಪಿಟಿಗೆ ಅಂತಿಮ ತೇರ್ಗಡೆ ಪ್ರಮಾಣ ಎರಡು ವರ್ಷದ ಸರಾಸರಿಯಲ್ಲಿ ಕನಿಷ್ಠ 85% ಇರಬೇಕೆಂಬುದು ಸಿಎಪಿಟಿಇ ನಿಯಮ. ಆದರೆ "ಅಂತಿಮ" ಎಂದರೆ ಹಲವು ಪ್ರಯತ್ನಗಳ ನಂತರದ್ದೂ ಸೇರುತ್ತದೆ, ಹಾಗಾಗಿ ಮೊದಲ ಪ್ರಯತ್ನದ ಅಂಕಿಯನ್ನೇ ಕೇಳಿ.

ಹಂತ 7: ವಿದ್ಯಾರ್ಥಿ ವೀಸಾ ಇದ್ದರೆ

ಎಫ್-1 (ವಿದ್ಯಾರ್ಥಿ) ವೀಸಾದವರು, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಕೋರ್ಸಿನ ಸಿಐಪಿ ಸಂಖ್ಯೆ, ಅಂದರೆ ಓದಿನ ವಿಷಯವನ್ನು ವರ್ಗೀಕರಿಸುವ ಸರ್ಕಾರಿ ಸಂಖ್ಯೆ, ನೋಡಲೇಬೇಕು. ಒಂದೇ ಥರದ ಓದಿಗೆ ಒಂದು ವಿಶ್ವವಿದ್ಯಾಲಯ 26.0908 ಎಂದು, ಇನ್ನೊಂದು 31.0505 ಎಂದು ಕೊಟ್ಟಿರಬಹುದು. 26ರಿಂದ ಶುರುವಾಗುವುದು ಜೀವವಿಜ್ಞಾನದ ಗುಂಪು, ಅದು ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿದ್ದರೆ 12 ತಿಂಗಳ ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ) ಮುಗಿದ ಮೇಲೆ ಇನ್ನೂ 24 ತಿಂಗಳಿಗೆ ಅರ್ಜಿ ಹಾಕಬಹುದು. 31ರಿಂದ ಶುರುವಾದರೆ ಆ ಸಂಖ್ಯೆ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಕ್ಯಾಂಪಸ್ ಹೊರಗಿನ ಇಂಟರ್ನ್‌ಶಿಪ್‌ಗೆ ಸಿಪಿಟಿ (ಓದಿನ ಭಾಗವಾದ ಕೆಲಸ) ಅನುಮತಿ ಬೇಕೇ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ. ಬೇಕಿದ್ದರೆ ಅದು ಕೈಗೆ ಬಂದ ಮೇಲೆಯೇ ಮೊದಲ ದಿನ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಆ ಮಟ್ಟದ ಪದವಿಗೆ ಒಪಿಟಿ ಇಲ್ಲವಾಗುತ್ತದೆ.

ಕೆನಡಾ ಯೋಚಿಸುತ್ತಿರುವವರಿಗೆ ಎರಡು ಮಾತು. ಒಂಟಾರಿಯೊದಲ್ಲಿ ಕಿನಿಸಿಯಾಲಜಿಸ್ಟ್ ಎಂಬುದು 2013ರ ಏಪ್ರಿಲ್‌ನಿಂದ ಕಾನೂನಿನ ರಕ್ಷಣೆಯಿರುವ ಹೆಸರು. ಕಾಲೇಜ್ ಆಫ್ ಕಿನಿಸಿಯಾಲಜಿಸ್ಟ್ಸ್ ಆಫ್ ಒಂಟಾರಿಯೊದಲ್ಲಿ ನೋಂದಣಿ ಇಲ್ಲದೆ ಬಳಸುವಂತಿಲ್ಲ. ಫಿಸಿಯೋಥೆರಪಿಗೆ ಅಲ್ಲಿ ಮಾಸ್ಟರ್ಸ್ ಪ್ರವೇಶ ಪದವಿ.

ಎಲ್ಲಿ ಓದಿದರೂ ಪ್ರತಿ ವಿಷಯದ ಸಿಲಬಸ್, ಕೋರ್ಸ್ ಕ್ಯಾಟಲಾಗಿನ ಆ ವರ್ಷದ ಪ್ರತಿ, ಸಹಿ ಇರುವ ಗಂಟೆಗಳ ದಾಖಲೆ, ಮೇಲ್ವಿಚಾರಕರ ಲೈಸೆನ್ಸ್ ಸಂಖ್ಯೆ, ಇವಿಷ್ಟನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಬೇರೆ ರಾಜ್ಯಕ್ಕೆ ಹೋದಾಗ ಅಲ್ಲಿನ ಮಂಡಳಿ ಹತ್ತು ವರ್ಷ ಹಿಂದಿನ ಸಿಲಬಸ್ ಕೇಳಬಹುದು, ಮತ್ತು ವಿಭಾಗ ಅಷ್ಟು ಹಳೆಯದನ್ನು ಇಟ್ಟಿರುತ್ತದೆ ಎಂಬ ಖಾತರಿ ಇಲ್ಲ.